ಎಕೆಮ್ಮಾಳ ಎರಡನೆಯ ಮಣ್ಣು

ಮಾರ್ಚ್ 4, ಬೆಳಿಗ್ಗೆ

ಪಾತ್ರದ ಬಿಳಿ ಬಟ್ಟೆಗೆ ಮರಗೆಣಸಿನ ಗಂಜಿ ಹಾಕಿ ಒಣಗಿಸಿದೆ. ನಾಳೆ ನಮ್ಮ ಸಿನಿಮಾದ ಒಂಬತ್ತನೇ ಭಾಗ ಬಿಡುಗಡೆ.

ನಾನು ಉಕಮಾಕಾ ಇಲೊಬಿ. ಅಸಾಬಾ ಊರಿನ ನಮ್ಮ ಕುಲದ ಹೆಣ್ಣುಮಕ್ಕಳಲ್ಲಿ ಹಿರಿಯಳು. ನಾನು ಬಂದು ಕೂರುವವರೆಗೆ ಯಾವ ಮನೆಯಲ್ಲೂ ಹೆಣ ಎತ್ತಿಲ್ಲ. ಹದಿನಾರು ವರ್ಷದಿಂದ ಸಿನಿಮಾದ ದೆವ್ವವೂ ಹೌದು: ಎಕೆಮ್ಮಾ. ಮಗ ಎರಡನೆಯ ಮಣ್ಣು ಮಾಡಲಿಲ್ಲವೆಂದು ಅಲೆಯುವ ತಾಯಿ. ಹೂತ ಮೇಲೆ ಕುಲವೆಲ್ಲ ಸೇರಿ ಆ ಕ್ರಿಯೆ ಮುಗಿಸಲೇಬೇಕು. ಇಲ್ಲದಿದ್ದರೆ ಸತ್ತವರಿಗೆ ನೆಲೆಯಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಮಾರ್ಚ್ 5, ಸಂಜೆ

ನೋಡಿ ಬಂದೆ. ನಿರ್ದೇಶಕ ನನ್ನ ನಡಿಗೆಯನ್ನೇ ಕತ್ತರಿಸಿದ್ದಾನೆ. ಹೆದರಿಕೆಯಿದ್ದದ್ದೇ ಆ ನಡಿಗೆಯಲ್ಲಿ. ಈಗ ಎಕೆಮ್ಮಾ ಕಂಪ್ಯೂಟರ್ ಹೊಗೆಯಲ್ಲಿ ಹಾರುತ್ತಾಳೆ… ಕೋಳಿಯ ಹಾಗೆ.

ಕೊನೆಗೆ ಮಗನ ಪಾತ್ರದ ಅಫಾಮ್ ಗೋರಿಯ ಮುಂದೆ ಕೋಲಾಕಾಯಿ ಹಿಡಿದು ತಾಯನ್ನು ಕರೆಯುತ್ತಾನೆ. ಇಂಗ್ಲಿಷಿನಲ್ಲಿ! ಪ್ರಾರ್ಥನೆಯ ಆ ಕಾಯಿ ಹಿಡಿದರೆ ನಮ್ಮ ಇಗ್ಬೊ ಮಾತೇ ಆಡಬೇಕು.

ಹಿಂದಿನ ಸಾಲಿನಿಂದ ಒಬ್ಬಳು, "ಅಯ್ಯೋ ಮಗನೇ, ಕೋಲಾಕಾಯಿಗೆ ಇಂಗ್ಲಿಷ್ ಬರಲ್ಲ ಕಣೋ!"

ಪಕ್ಕದವಳು, "ಎಕೆಮ್ಮಾಗೆ ಬರುತ್ತಲ್ಲೇ, ಎದ್ದೇ ಬಂದಳು! ಹೈಸ್ಕೂಲು ಓದಿದ ದೆವ್ವ!"

ಇಡೀ ಹಾಲ್ ನಕ್ಕಿತು. ನಾನು ಬೆನ್ನು ಬಗ್ಗಿಸದೆ ಕೂತಿದ್ದೆ.

ಮಾರ್ಚ್ 9

ಮೆಣಸಿನಕಾಯಿ ಮಾರುವ ಓಯಿರಿ ನನ್ನ ಕಂಡರೆ ದನಿ ತಗ್ಗಿಸುತ್ತಿದ್ದವಳು. ಇಂದು ಸಂತೆಯ ನಡುವೆ ಕೂಗಿದಳು, "ಗುಡ್ ಮಾರ್ನಿಂಗ್, ಎಕೆಮ್ಮಾ!"

ಮೆಣಸಿನಕಾಯಿ ಕೊಳ್ಳದೆ ಬಂದೆ.

ಮಾರ್ಚ್ 12, ಮಧ್ಯಾಹ್ನ

ನಿರ್ದೇಶಕ ಸೊಬೆನ್ನಾ ಬಂದಿದ್ದ. ನಿಲ್ಲಿಸಿಯೇ ಕೇಳಿದೆ.

"ಶೂಟಿಂಗ್ ದಿನ ಏನು ಹೇಳಿದ್ದೆ? ಆಮೇಲೆ ಇಗ್ಬೊ ಮಾತು ಕೂರಿಸ್ತೀನಿ ಅಂದಿದ್ದೆ ತಾನೆ?"

"ಹೊರದೇಶದವರೂ ನೋಡ್ತಾರಮ್ಮಾ…"

"ಹಾಗಾದ್ರೆ ಅವರ ತಾಯಂದಿರು ಅವರ ಸ್ಮಶಾನದಲ್ಲಿ ಏಳಲಿ."

"ಹತ್ತನೇದರಲ್ಲಿ ಸರಿಮಾಡ್ತೀನಿ. ನೀವು ಬರದಿದ್ರೂ ನಡೆಯುತ್ತೆ ಬಿಡಿ. ನಿಮ್ಮ ಮುಖ ಕಂಪ್ಯೂಟರಿನಲ್ಲಿದೆ."

ಹುಡುಗ ಒರಟನಲ್ಲ. ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿದ… ನಾನು ಬಿಟ್ಟರೂ ಅವಳನ್ನು ಎಬ್ಬಿಸುತ್ತಾರೆ. ಜನ ಪ್ರತಿ ಸಲವೂ ನಗುತ್ತಾರೆ.

ಏಪ್ರಿಲ್ 2

ಹೆಣ್ಣುಮಕ್ಕಳ ಸಭೆ ಕರೆದೆ. ಎಕೆಮ್ಮಾಗೆ ಎರಡನೆಯ ಮಣ್ಣು ಮಾಡೋಣ ಎಂದೆ. ಯಾರೂ ಎದುರಾಡಲಿಲ್ಲ. ಸುದ್ದಿ ಕೇಳಿ ಬಂದ ಕುಲದ ಹಿರಿಯ ಅನ್ಯಾಸೊ ಮಾತ್ರ, "ಸಿನಿಮಾದವಳಿಗಾ?" ಎಂದರು.

"ಅವಳಿಗೆ ಹೆದರಿ ಬಾಗಿಲು ಹಾಕಿಕೊಂಡಾಗ ಸಿನಿಮಾ ಅನ್ನಲಿಲ್ಲವಲ್ಲ, ಅಣ್ಣಾ?"

ಕೋಲಾಕಾಯಿ ತಾನೇ ತರುತ್ತೇನೆಂದರು.

ಏಪ್ರಿಲ್ 18

ಮುಗಿಯಿತು.

ಊರಾಚೆಯ ಶೂಟಿಂಗ್ ಮನೆಯಂಗಳದಲ್ಲಿ ಆ ಸುಳ್ಳು ಗೋರಿ ಇನ್ನೂ ಇತ್ತು. ಬೆಳಿಗ್ಗೆಯೇ ನಲವತ್ಮೂರು ಜನ ಸುತ್ತ ಕೂತೆವು. ಅಫಾಮ್‌ಗೆ ಮೇಕೆ ತರಲು ಮೊದಲೇ ಹೇಳಿ ಕಳಿಸಿದ್ದೆ. "ನಾನು ಮಗ ಅಲ್ಲಮ್ಮಾ, ನಟ!" ಎಂದ.

"ಒಂಬತ್ತು ಸಲ ಅಮ್ಮಾ ಅಂತ ಅತ್ತೆಯಲ್ಲ, ಯಾರನ್ನ ಕರೆದೆ?"

ಮೇಕೆ ಬಂತು. ಅನ್ಯಾಸೊ ಕೋಲಾಕಾಯಿ ಒಡೆದು ಇಗ್ಬೊದಲ್ಲಿ ಪ್ರಾರ್ಥಿಸಿದರು. ನಿಧಾನ, ಒಂದು ಮಾತೂ ಬಿಡದೆ. ಸಿಡಿಮದ್ದು ಹಾರಿಸಿದರು. ನನ್ನ ಬಿಳಿ ಬಟ್ಟೆಯನ್ನು ಮಡಿಸಿ ಹೂತೆ. ಓಯಿರಿ ಬಿಕ್ಕಿಬಿಕ್ಕಿ ಅತ್ತಳು. ಇಂಗ್ಲಿಷ್ ಒಂದಕ್ಷರ ಬರಲಿಲ್ಲ ಬಾಯಿಗೆ. ಹಿರಿಮಗಳ ಪಾಲಿನ ಮಾಂಸ ನನ್ನ ಮುಂದಿಟ್ಟರು. ನನ್ನ ತಿಥಿಯೂಟ ನಾನೇ ಉಂಡೆ. ಉಪ್ಪು ಸ್ವಲ್ಪ ಕಡಿಮೆ.

ಸೊಬೆನ್ನಾ ಓಡಿಬಂದ. "ಊರೆಲ್ಲ ಫೋನಿನಲ್ಲಿ ನೋಡ್ತಾ ಇದೆಯಲ್ಲಮ್ಮಾ! ಎರಡನೇ ಮಣ್ಣಾದವಳು ಎದ್ದು ಬಂದಳು ಅಂದ್ರೆ ಇನ್ನು ಯಾರು ನಂಬ್ತಾರೆ?"

"ಯಾರೂ ನಂಬಬಾರದು. ಕೂತು ಊಟ ಮಾಡು."

ಚಪ್ಪಲಿ ಬಿಟ್ಟ. ಆಮೇಲೆ ಕೂತ.

ಏಪ್ರಿಲ್ 19, ಬೆಳಿಗ್ಗೆ

ಎದ್ದವಳೇ ಗಂಜಿ ಕಾಯಿಸಿದೆ. ಕುದಿ ಬಂದಾಗ ನೆನಪಾಯಿತು — ಬಟ್ಟೆ ಮಣ್ಣಿನಲ್ಲಿದೆ. ಗಂಜಿಯನ್ನು ಅಂಗಳಕ್ಕೆ ಚೆಲ್ಲಿ, ಮೆಣಸಿನಕಾಯಿ ಕೊಳ್ಳಲು ಸಂತೆಗೆ ಹೊರಟೆ.