ಹಾವುರಾಣಿ ಇರುವ ಫರಸಿಕಲ್ಲು

ಲತೀಫಾ ಮಗಳೇ,

ನಿನ್ನ ಗಂಡ ಬಂದೇನವಾಜ್ ಕಲ್ಲಿನ ಖಣಿಯಲ್ಲಿ ತೀರಿಕೊಂಡ ಸುದ್ದಿ ಬಂದ ಸೋಮವಾರ, ಬೆಳಿಗ್ಗೆ ನೀನು ಅಂಗಳದ ಹಾವುರಾಣಿಗೆ ಕಸಬರಿಗೆಯಿಂದ ಹೊಡೆದಿದ್ದೆ. ಅದರ ಬಾಲ ಕಡಿದು ಬಿದ್ದು ಒದ್ದಾಡಿತ್ತು. “ಆ ಪಾಪಾನೇ ಅವರಿಗಿ ತಟ್ಯಾದ, ಚಾಚಿ” ಎಂದು ನಿನ್ನೆ ನೀನು ಪಕ್ಕದ ಮನೆಯ ಹಮೀದಾಬಿಯ ಮುಂದೆ ಅತ್ತದ್ದು ನನಗೆ ಕೇಳಿಸಿತು.

ಅದು ಸತ್ತಿಲ್ಲ, ತಾಯಿ. ನೀರಿನ ಹಂಡೆಯ ಪಕ್ಕದ ಫರಸಿಯ ಕೆಳಗೇ ಇದೆ. ಬಾಲ ಬಿಟ್ಟು ಜೀವ ಉಳಿಸಿಕೊಳ್ಳುವ ಬುದ್ಧಿಯನ್ನು ಅಲ್ಲಾಹನು ಅದಕ್ಕೆ ಕೊಟ್ಟಿದ್ದಾನೆ. ಈಗ ಹೊಸ ಬಾಲ ಮೂಡುತ್ತಿದೆ. ಬಿಸಿಲೇರಿದಾಗ ಹೊರಬಂದು ಮಿರಿಮಿರಿ ಮಿಂಚುವ ಮೈ ಕಾಸಿಕೊಂಡು, ಗೆದ್ದಲು, ಜಿರಲೆ ತಿಂದು ಒಳಗೆ ಹೋಗುತ್ತದೆ. ಜನ ಏನೇ ಅನ್ನಲಿ, ಅದಕ್ಕೆ ವಿಷವಿಲ್ಲ.

ಮೌಲ್ವಿಯವರನ್ನು ಕರೆತರಲು ವಾಡಿಗೆ ಹೊರಟಿದ್ದೇನೆ. ಇಂದಿನ ನಲವತ್ತನೆಯ ದಿನದ ಫಾತೆಹಾದ ಅಡುಗೆಗೆ ಒಲೆ ತೋಡಬೇಕೆಂದು ಲಾಲಪ್ಪ ಅಂಗಳದ ಫರಸಿ ಎತ್ತಲು ಬರುತ್ತಾನೆ. ಇದ್ದತ್ ಮುಗಿಯುವತನಕ ನೀನು ಹೊರಗಿನ ಗಂಡಸರೆದುರು ಬರುವಂತಿಲ್ಲ, ಹಂಡೆಯ ಪಕ್ಕದ್ದನ್ನು ಮುಟ್ಟಬಾರದೆಂದು ಹಮೀದಾಬಿಯಿಂದ ಹೇಳಿಸು; ಕೆಳಗೆ ಮೊಟ್ಟೆಗಳಿವೆ. ಉಳಿದವನ್ನು ಎತ್ತುವ ಮುಂಚೆ ಹಾರೆಯಿಂದ ಮೂರು ಸಲ ತಟ್ಟಲಿ.

ಬಂದೇನವಾಜ್ ಖಣಿಯಲ್ಲಿ ಹಾಗೇ ತಟ್ಟುತ್ತಿದ್ದ. “ಕೆಳಗ ಇದ್ದವ್ರಿಗಿ ಎದ್ದು ಹೋಗ್ಲಿಕ್ಕಿ ಟೈಮ್ ಕೊಡಬೇಕಲ್ಲ, ಅಬ್ಬಾ” ಎಂದು ನಗುತ್ತಿದ್ದ. ಮೇಲಿನಿಂದ ಜಾರಿದ ಕಲ್ಲು ಅವನಿಗೆ ಅಷ್ಟು ಹೊತ್ತು ಕೊಡಲಿಲ್ಲ. ಆ ಗಳಿಗೆ ಬರೆದಿಟ್ಟಿತ್ತು, ಮಗಳೇ. ನಿನ್ನ ಕಸಬರಿಗೆ ಅದನ್ನು ತರಲಿಲ್ಲ.

ನೀನು ನಿನ್ನೆಯಿಂದ ಉಂಡಿಲ್ಲ. ರೊಟ್ಟಿ ಮುಚ್ಚಿಟ್ಟಿದ್ದೇನೆ, ತಿನ್ನು.

ಯಾ ಅಲ್ಲಾಹ್, ಕಲ್ಲಿನ ಕೆಳಗಿನ ಸಣ್ಣ ಜೀವಕ್ಕೂ ದಾರಿ ಬಿಟ್ಟ ನನ್ನ ಮಗನ ಮೈಮೇಲಿನ ಭಾರ ಹಗುರ ಮಾಡಿ, ಅವನ ಕಬರಿನಲ್ಲಿ ಬೆಳಕಿಟ್ಟು, ಅವನನ್ನು ಶಾಂತಿಯಿಂದ ಮಲಗಿಸು. ಆಮೀನ್.