ಹೆಸರಿಗೆ ಬಳಿದ ಬಿಳಿ ಬಣ್ಣ

ಮಾಕಳಿ
14-9-2009

ಚಿ. ಸೌ. ಜ್ಯೋತಿಲಕ್ಷ್ಮಿಗೆ ನಿಮ್ಮಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಅಮ್ಮನಿಗೆ ಕೊಡು ಎನ್ನುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ ಎಂಬ ಆಸೆ. ನಾಲ್ಕು ಸಲ ಬರೆದು ನಾಲ್ಕೂ ಸಲ ಹರಿದು ಹಾಕಿದೆ. ನಿನ್ನ ಲಗ್ನಪತ್ರಿಕೆ ಬರೆಯುವುದಕ್ಕೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಎಂದು ನಿಮ್ಮಮ್ಮ ರೇಗಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಟೀವಿಯಲ್ಲಿ ನಮ್ಮ ಬಸ್ಸು ತೋರಿಸಿದಾಗ ಅದರ ಮೇಲೆ ನಿನ್ನ ಹೆಸರು ಯಾಕಿರಲಿಲ್ಲ ಎಂದು.

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ ಕಣಮ್ಮ. ಬಸ್ಸು ಗುದ್ದಿತು ಎಂದರೆ ಕ್ರೇನಿಗಿಂತ ಮೊದಲು ಬಣ್ಣದ ಡಬ್ಬ ಬರಬೇಕು. ಪೊಲೀಸರಿಗೆ ನಂಬರ್ ಸಾಕು, ಕೇಸು ಹೇಗೂ ನಡೆಯುತ್ತದೆ. ಆದರೆ ಪೇಪರಿನ ಫೋಟೋದಲ್ಲಿ ಗಿರಾಕಿಗಳು ನೋಡುವುದು ಹೆಸರನ್ನು. ಹಿಂದೆ ಯಾರದೋ ಬಸ್ಸು ನೆಲಮಂಗಲದ ಹತ್ತಿರ ಮಗುಚಿದಾಗ ಮಾಲೀಕನೇ ಬಂದು ಹೆಸರಿನ ಮೇಲೆ ಸೆಗಣಿ ಮೆತ್ತಿದ್ದನಂತೆ. ಆ ಕಥೆಯನ್ನು ಟೀ ಅಂಗಡಿಯಲ್ಲಿ ಹೇಳಿಕೊಂಡು ನಕ್ಕವರಲ್ಲಿ ನಾನೂ ಒಬ್ಬ. ನಗುವವರ ಮುಂದೆ ಎಡವಿ ಬಿದ್ದೆ ಎಂದುಕೋ.

ಅವತ್ತು ಬೆಳಿಗ್ಗೆ ಏಳಕ್ಕೆ ಡ್ರೈವರ್ ನರಸಿಂಹಯ್ಯ ಗಾರ್ಮೆಂಟ್ಸ್ ಹೆಂಗಸರನ್ನು ತುಂಬಿಕೊಂಡು ಪೀಣ್ಯಕ್ಕೆ ಹೊರಟಿದ್ದ. ಫ್ಲೈಓವರ್ ಕೆಲಸ ನಡೆದು ತುಮಕೂರು ರಸ್ತೆ ಕಿರಿದಾಗಿದೆ. ದಾಸರಹಳ್ಳಿಗಿಂತ ಸ್ವಲ್ಪ ಮೊದಲು ಬೈಕಿನವನೊಬ್ಬ ಅಡ್ಡ ಬಂದ. ಅವನನ್ನು ಉಳಿಸಲು ಹೋಗಿ ಬಸ್ಸಿನ ಮೂತಿಯನ್ನು ರಸ್ತೆಬದಿ ನಿಂತಿದ್ದ ಕಬ್ಬಿಣ ತುಂಬಿದ ಲಾರಿಗೆ ಹೊಡೆದ. ಇಬ್ಬರು ಹೆಂಗಸರು ಅಲ್ಲೇ ಹೋದರು. ನರಸಿಂಹಯ್ಯನ ಎರಡೂ ಕಾಲು ಮುರಿದಿವೆ.

ಸುದ್ದಿ ಬಂದಾಗ ನಿನ್ನ ಸೋದರಮಾವ ಲೋಕೇಶನೂ ನಾನೂ ಶೆಡ್ಡಿನಲ್ಲಿದ್ದೆವು. ಲೋಕೇಶ ಹೇಳಿದ: "ಭಾವ, ಹೂಡಿ ಕಂಪ್ನಿಯವ್ರು ಈ ವಾರಾನೇ ನಮ್ಮ ಬಸ್ಸಿನ ಕಾಂಟ್ರಾಕ್ಟಿಗೆ ಸೈನ್ ಮಾಡ್ತಾರೆ. ಮೊದ್ಲು ಹೆಸ್ರು ಮುಚ್ಬಿಡೋಣ, ಮಿಕ್ಕಿದ್ದು ಆಮೇಲೆ ನೋಡ್ಕೊಳೋಣ." ನಾನು ಬೇಡ ಎನ್ನಲಿಲ್ಲ. ಜೀಪಿನಲ್ಲಿ ಬಿಳಿ ಬಣ್ಣ, ಎರಡು ಬ್ರಷ್ಷು ಇಟ್ಟುಕೊಂಡು ಹೋದೆವು. ಕುಡಿಯುವ ನೀರು ಒಯ್ಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅಲ್ಲಿ ಜನ ಜ್ಯೋತಿಲಕ್ಷ್ಮಿ ಗುದ್ದಿದಳು, ಜ್ಯೋತಿಲಕ್ಷ್ಮಿ ಸಾಯಿಸಿದಳು ಎಂದು ಕೂಗಾಡುತ್ತಿದ್ದರು. ರಸ್ತೆಯವರ ಬಾಯಲ್ಲಿ ನಿನ್ನ ಹೆಸರು ಹಾಗೆ ಹೊರಳುವುದನ್ನು ಕೇಳಲಾಗಲಿಲ್ಲ. ಅದಕ್ಕೇ ನಾನೇ ಬ್ರಷ್ಷು ಹಿಡಿದೆ. ಒಳಗೆ ಯಾರು ಯಾರಿದ್ದಾರೆ ಎಂದು ನೋಡಲಿಲ್ಲ. ಒಂದು ಸಲ ಬಳಿದರೆ ಕೆಂಪಕ್ಷರ ಕೆಳಗಿನಿಂದ ಇಣುಕುತ್ತಿತ್ತು, ಇನ್ನೊಂದು ಸಲ ಬಳಿದೆ. ಟೀವಿಯವನೊಬ್ಬ ಬಂದು ಯಾರ ಬಸ್ಸು ಎಂದು ಮೈಕು ಹಿಡಿದ. ಗೊತ್ತಿಲ್ಲ ಸಾರ್ ಎಂದು ಜನರ ಹಿಂದೆ ಸರಿದೆ.

ಇನ್ನು ಮಲಕವ್ವನ ವಿಷಯ. ನಮ್ಮ ಹಿತ್ತಲಿನ ಬಾಡಿಗೆ ರೂಮುಗಳಲ್ಲಿ ಕೊನೆಯದರಲ್ಲಿದ್ದಾಳಲ್ಲ, ಕೊಪ್ಪಳದ ಕಡೆಯವಳು, ನಮ್ಮ ಮನೆಯ ಪಾತ್ರೆ ತೊಳೆಯುತ್ತಾಳೆ. ಅವಳ ಮಗಳು ಮಹಾದೇವಿ, ಹತ್ತೊಂಬತ್ತು ವರ್ಷದವಳು, ದಿನವೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದಳು. ಒಂಬತ್ತು ಗಂಟೆಗೆ ಟೀವಿಯಲ್ಲಿ ಅಪಘಾತ ತೋರಿಸಿದಾಗ ಮಲಕವ್ವ ಸೋಪಿನ ಕೈಯಲ್ಲೇ ಓಡಿ ಬಂದಳಂತೆ. ಅವಳಿಗೆ ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಮಗಳನ್ನು ಹತ್ತಿಸುವಾಗ ನೋಡುವ ಕೆಂಪಕ್ಷರವೇ ಅವಳಿಗೆ ಗುರುತು. ಟೀವಿಯಲ್ಲಿದ್ದ ಬಸ್ಸು ಬರೀ ಬಿಳಿ. "ನಮ್ಮ ಬಸ್ಸಲ್ಲ ಬಿಡ್ರೀ ಅವ್ವಾರ, ಯಾರ ಮಕ್ಕಳೋ ಪಾಪ" ಎಂದು ನಿಮ್ಮಮ್ಮನಿಗೆ ಹೇಳಿ ಮತ್ತೆ ಪಾತ್ರೆಗೆ ಕೂತಳಂತೆ. ನಿಮ್ಮಮ್ಮನೂ ಹಾಗೇ ನಂಬಿದಳು, ಅವಳಿಗೂ ನಾನು ಹೇಳಿರಲಿಲ್ಲ.

ಮಹಾದೇವಿ ಮಧ್ಯಾಹ್ನ ನಾಲ್ಕರವರೆಗೆ ಬದುಕಿದ್ದಳು. ಗಾಯವಾದವರನ್ನು ಮೂರು ಆಸ್ಪತ್ರೆಗೆ ಹಂಚಿದ್ದರು. ಅವಳ ಬ್ಯಾಗು ಎಲ್ಲೋ ಬಿದ್ದುಹೋಗಿತ್ತು, ಯಾರ ಮಗಳು ಎಂದು ಅಲ್ಲಿ ಯಾರಿಗೂ ತಿಳಿಯದು. ಸಂಜೆ ಮಗಳು ಬಾರದಿದ್ದಾಗ ಮಲಕವ್ವ ಹುಡುಕಿಕೊಂಡು ಹೋದಳು. ಆಸ್ಪತ್ರೆ ತಲುಪುವ ಹೊತ್ತಿಗೆ ಏಳು ಗಂಟೆ. ಅವ್ವಾ ಎನ್ನುವುದು ಬಿಟ್ಟು ಹುಡುಗಿಯ ಬಾಯಿಂದ ಬೇರೆ ಮಾತೇ ಬರಲಿಲ್ಲ ಎಂದು ನರ್ಸು ಹೇಳಿದಳಂತೆ.

ಅಂದಿನಿಂದ ಮಲಕವ್ವ ತನ್ನ ಕಣ್ಣುಗಳನ್ನೇ ಬೈದುಕೊಳ್ಳುತ್ತಿದ್ದಾಳೆ. "ದಿನಾ ನೋಡೋ ಬಸ್ಸು ಗುರ್ತು ಹಿಡೀಲಿಲ್ರೀ ಇವು. ಇದ್ರೇನು, ಹೋದ್ರೇನು" ಎನ್ನುತ್ತಾಳೆ. ಮೊನ್ನೆ ಎಲೆಅಡಿಕೆಯ ಸುಣ್ಣವನ್ನು ಬೆರಳಲ್ಲಿ ತೆಗೆದು ಕಣ್ಣಿಗೇ ಒಯ್ದಿದ್ದಳು. ನಿಮ್ಮಮ್ಮ ಕೈ ಹಿಡಿದುಕೊಂಡಳು, ಇಲ್ಲದಿದ್ದರೆ ಏನಾಗುತ್ತಿತ್ತೋ.

ಅವಳ ಕಣ್ಣಿನದು ತಪ್ಪಲ್ಲ ಎಂದು ಹೇಳಬೇಕಾದವನು ನಾನು. ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಾನೆ ಲೋಕೇಶ. ಹೂಡಿಯವರು ಸಹಿ ಹಾಕಿದ ದಿನ ಅವನು ತಂದ ಸಿಹಿಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ದಿನಾ ಆ ರೂಮಿನ ಬಾಗಿಲವರೆಗೆ ಹೋಗುತ್ತೇನೆ, ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳಿ ವಾಪಸು ಬರುತ್ತೇನೆ. ಊಟ ಸೇರುವುದಿಲ್ಲ. ಅಮಾವಾಸ್ಯೆ ಕಳೆದು ಭಾನುವಾರ ಅವಳು ಊರಿಗೆ ಹೊರಡುತ್ತಾಳೆ, ಮತ್ತೆ ಬರುವುದಿಲ್ಲವಂತೆ. ಅಲ್ಲಿ ಅವಳ ಕೈ ಹಿಡಿಯಲು ಯಾರಿದ್ದಾರೋ ನನಗೆ ಗೊತ್ತಿಲ್ಲ.

ನೀನು ಶನಿವಾರದೊಳಗೆ ಬಾ. ನನ್ನನ್ನು ಮಾತಾಡಿಸಬೇಡ, ಮುಖ ನೋಡಬೇಡ, ಪಕ್ಕದಲ್ಲಿ ನಿಂತುಕೋ ಅಷ್ಟೇ. ನೀನು ನಿಂತರೆ ಹೇಳಿಬಿಡುತ್ತೇನೆ. ಒಬ್ಬನ ಕೈಲಿ ಆಗುತ್ತಿಲ್ಲ ಮಗಳೇ. ಹೆದರಿಕೆಯಾಗುತ್ತದೆ.

ಅಳಿಯಂದಿರಿಗೆ, ಮಗುವಿಗೆ ನನ್ನ ಆಶೀರ್ವಾದ ತಿಳಿಸು. ಭಗವಂತ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಹನುಮಂತರಾಯಪ್ಪ

ವಿ. ಸೂ.: ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಇದನ್ನೂ ಹರಿದರೆ ಇನ್ನು ಬರೆಯಲಾರೆ, ಅದಕ್ಕೆ ಇಲ್ಲೇ ಸೇರಿಸುತ್ತೇನೆ. ಬಣ್ಣ ಬಳಿದದ್ದು ನಿನ್ನ ಹೆಸರಿನ ಮಾನಕ್ಕಲ್ಲ, ಹೂಡಿಯವರ ಸಹಿಗೆ. ಒಳಗೆ ಯಾರಿದ್ದಾರೆಂದು ನೋಡಲಿಲ್ಲ ಎಂದದ್ದೂ ಸುಳ್ಳು. ಮಹಾದೇವಿಯನ್ನು ಆಂಬುಲೆನ್ಸಿಗೆ ಎತ್ತುವಾಗ ಕಾಲು ಹಿಡಿದುಕೊಂಡವನು ನಾನೇ. ಆಗ ಅವಳಿಗೆ ಇನ್ನೂ ಮಾತು ಬರುತ್ತಿತ್ತು. "ಅವ್ವಗ ಹೇಳ್ರೀ" ಎಂದಳು. ಹತ್ತೂವರೆಗೆ ಅಂಗಿ ಬದಲಿಸಲು ಮನೆಗೆ ಬಂದೆ. ಮಲಕವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಅದು ನಮ್ಮ ಬಸ್ಸಲ್ಲ, ಹೌದಲ್ರೀ ಸಾವ್ಕಾರ್ರ?" ಎಂದು ಕೇಳಿದಳು. ಅಲ್ಲಮ್ಮ, ನಮ್ದಲ್ಲ, ನೀನು ಕೆಲಸ ನೋಡ್ಕೋ ಎಂದೆ. ಈಗಲೂ ಅವಳು ಕೇಳಿದವರಿಗೆಲ್ಲ, ಪಾಪ, ಸಾವ್ಕಾರರಿಗೂ ಆಗ ಗೊತ್ತಿರಲಿಲ್ಲ ಎಂದೇ ಹೇಳುತ್ತಾಳೆ.