ಹದಿನೇಳನೇ ಮೈಲಿ

1937 ಅಕ್ಟೋಬರ್ 18, ಸೋಮವಾರ

ಇವತ್ತು ಮತ್ತೆ ಪಂಕ್ಚರ್. ಕೊಟ್ಟಿಗೆಹಾರ ದಾಟಿದ ಮೇಲೆ. ಈ ತಿಂಗಳಿಗೆ ನಾಲ್ಕನೆಯದು. ರಸ್ತೆ ಓವರ್‌ಸಿಯರ್ ಅಂತ ಹೆಸರು ನನಗೆ, ರಸ್ತೆಯ ಜಲ್ಲಿಯೇ ನನ್ನನ್ನು ತಿನ್ನುತ್ತಿದೆ.

ಇಲಾಖೆಯವರು ಸೈಕಲ್ ಕೊಟ್ಟು ಎರಡು ತಿಂಗಳಾಯಿತು. ಮುಂಚೆ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ತೂಕಡಿಸುತ್ತ ಮೂಡಿಗೆರೆಯಿಂದ ಕಳಸಕ್ಕೆ ಹೋಗುತ್ತಿದ್ದೆ. ರಸ್ತೆಯೆಲ್ಲ ಸರಿ ಇದೆ ಅಂತ ಬರೆಯುತ್ತಿದ್ದೆ. ಈಗ ಪ್ರತಿ ಮೈಲಿ ಕೂಲಿಯ ಕೆಲಸವೂ ನನ್ನ ಸೊಂಟಕ್ಕೆ ಗೊತ್ತಾಗುತ್ತದೆ. ಒಬ್ಬ ಕೂಲಿಗೆ ಒಂದು ಮೈಲಿ. ಕಲ್ಲು ಒಡೆಯುವವನೂ ಅವನೇ, ಗುಂಡಿ ಮುಚ್ಚುವವನೂ ಅವನೇ. ಹನ್ನೆರಡನೇ ಮೈಲಿಯವನು ಸೋಮಾರಿ. ಹದಿನಾಲ್ಕರವನು ಮಹಾ ಸೋಮಾರಿ — ಕಲ್ಲು ಹುಡುಕಿ ತರಲಾರದೆ ಹಳೇ ವೀರಗಲ್ಲನ್ನೇ ಒಡೆಯಲು ಕೂತಿದ್ದ. ಬಾಯಿಗೆ ಬಂದಂತೆ ಬೈದು, ಅವನ ಕೈಲೇ ಎತ್ತಿ ನಿಲ್ಲಿಸಿ ಬಂದೆ.

ಜಾವಳಿಯಲ್ಲಿ, ಹೇಮಾವತಿ ಹುಟ್ಟುವ ಗುಡಿಯ ಹತ್ತಿರ ನೀರು ಕುಡಿದೆ. ಅಲ್ಲಿಂದ ಇಳಿದರೆ ಹದಿನೇಳನೇ ಮೈಲಿ. ಸೈಕಲ್ಲಿನ ಗಡಗಡ ತಟ್ಟನೆ ನಿಂತಿತು. ಏನು ಕೆಟ್ಟಿತೋ ಅಂತ ಇಳಿದು ನೋಡಿದೆ. ಏನೂ ಕೆಟ್ಟಿಲ್ಲ. ರಸ್ತೆ ಚೆನ್ನಾಗಿದೆ, ಅಷ್ಟೆ. ಆ ಮೈಲಿ ಪೂರ್ತಿ ಗಟ್ಟಿಯಾಗಿ ಹಾಡು ಹೇಳಿಕೊಂಡು ಹೋದೆ. ಮೂವತ್ತನಾಲ್ಕು ವರ್ಷದ ಗಂಡಸು, ನಾಚಿಕೆ ಇಲ್ಲ.

ಅಕ್ಟೋಬರ್ 26, ಮಂಗಳವಾರ

ಹದಿನೇಳರ ಕೂಲಿಯನ್ನು ಮಾತಾಡಿಸಿದೆ. ಲಕ್ಕಯ್ಯ. ಐವತ್ತು ದಾಟಿದೆ. ಬೆಲ್ಲು ಬಾರಿಸಿದರೆ ಎದ್ದು ಕೈ ಮುಗಿಯುತ್ತಾನೆ, ಆದರೆ ಮುಖ ಎತ್ತಲೋ. ನನ್ನ ಕಡೆ ನೋಡುವುದೇ ಇಲ್ಲ. ಎಷ್ಟು ಜಂಬ! ಓವರ್‌ಸಿಯರಿಗೆ ಮುಖ ಕೊಟ್ಟು ಮಾತಾಡಲು ಆಗಲ್ಲವಾ ಅಂತ ಗದರಿದೆ. ಹೆಂಡತಿ ಹುಚ್ಚಮ್ಮ ನಡುವೆ ಬಂದು ಎಲ್ಲದಕ್ಕೂ ತಾನೇ ಉತ್ತರ ಹೇಳಿದಳು. ಬಾಯಿ ಜೋರು.

ಜಂಬ ಇರಲಿ, ಕೆಲಸ ಕೆಲಸವೇ. ಚಿಕ್ಕಮಗಳೂರಿನ ಎಂಜಿನಿಯರ್ ಸಾಹೇಬರಿಗೆ ಕಾಗದ ಬರೆದೆ: ಮೈಲಿ ಹದಿನೇಳು, ಲಕ್ಕಯ್ಯ, ಇಡೀ ರಸ್ತೆಯಲ್ಲಿ ಇವನಂಥ ಕೂಲಿ ಇಲ್ಲ, ಮರ್ಯಾದೆ ಮಾಡಬೇಕು. ಸಂಜೆಯೇ ಟಪಾಲಿಗೆ ಹಾಕಿದೆ. ಒಳ್ಳೇ ಕೆಲಸ ಮಾಡಿದೆ ಅನ್ನಿಸಿ ಎರಡು ಲೋಟ ಕಾಫಿ ಕುಡಿದೆ.

ನವೆಂಬರ್ 9, ಮಂಗಳವಾರ

ನಾಲ್ಕು ದಿನ ಮನೆಯಲ್ಲಿರಲಿಲ್ಲ. ಬಿದ್ದೆ.

ಶುಕ್ರವಾರ ಜಾವಳಿ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಸೈಕಲ್ ಒಂದು ಕಡೆ, ನಾನು ಮೋರಿಯಲ್ಲಿ. ಕಾಲು ಉಳುಕಿ ಕುಂಬಳಕಾಯಿ ಆಯಿತು. ಲಕ್ಕಯ್ಯ, ಹುಚ್ಚಮ್ಮ ಇಬ್ಬರೂ ಎತ್ತಿಕೊಂಡು ಹೋಗಿ ತಮ್ಮ ಗುಡಿಸಲಲ್ಲಿ ಮಲಗಿಸಿದರು. ಹುಚ್ಚಮ್ಮ ಸೊಪ್ಪು ಅರೆದು ಕಟ್ಟಿದಳು. ಗಂಜಿ ಕೊಟ್ಟಳು, ಕುಡಿದೆ. ಮೂರು ದಿನವೂ ಕುಡಿದೆ. ಅಮ್ಮನಿಗೆ ಗೊತ್ತಾದರೆ ಮನೆಯೊಳಗೆ ಸೇರಿಸಲಿಕ್ಕಿಲ್ಲ. ಗೊತ್ತಾಗುವುದು ಬೇಡ.

ಶನಿವಾರ ಬೆಳಿಗ್ಗೆ ಬಾಗಿಲಿಗೆ ಒರಗಿ ಕೂತು ನೋಡಿದೆ. ಲಕ್ಕಯ್ಯ ಬರಿಗಾಲಲ್ಲಿ ರಸ್ತೆಗೆ ಇಳಿದ. ಮೆಲ್ಲಗೆ, ಪಾದ ಊರಿ ಊರಿ ನಡೆದ. ಅಲ್ಲಲ್ಲಿ ನಿಂತು ಕಾಲಲ್ಲಿ ಸವರಿ ಏನೋ ಹೇಳುತ್ತಾನೆ. ಹಿಂದೆ ಹುಚ್ಚಮ್ಮ ಬುಟ್ಟಿ ಹೊತ್ತು ಹೋಗಿ ಅಲ್ಲಿಗೆ ಜಲ್ಲಿ ಹಾಕಿ ಕುಟ್ಟುತ್ತಾಳೆ. ಆಮೇಲೆ ಕಲ್ಲು ಒಡೆಯಲು ಕೂತವಳೂ ಅವಳೇ. ಜಲ್ಲಿ ಅಳೆಯಲು ಇಲಾಖೆ ಕೊಟ್ಟ ಕಬ್ಬಿಣದ ಬಳೆ ಎಲ್ಲಿ ಅಂದರೆ ತನ್ನ ಗಾಜಿನ ಬಳೆ ತೋರಿಸಿದಳು. ಇದರಲ್ಲಿ ತೂರದಿದ್ದರೆ ಮತ್ತೊಂದು ಪೆಟ್ಟು, ಅಷ್ಟೇ ಅಂದಳು.

ಲಕ್ಕಯ್ಯನಿಗೆ ಕಣ್ಣಿಲ್ಲ. ನಾಲ್ಕು ವರ್ಷವಾಯಿತಂತೆ. ಅಂಥವನಿಗೆ ನಾನು ಜಂಬ ಅಂದೆ.

ನವೆಂಬರ್ 10, ಬುಧವಾರ

ಕಾಗದಕ್ಕೆ ಉತ್ತರ ಬಂದಿದೆ. ಸಾಹೇಬರಿಗೆ ಬಹಳ ಸಂತೋಷ. ಹದಿನೆಂಟನೇ ತಾರೀಕು ಸ್ವತಃ ಬರುತ್ತಾರೆ, ರಸ್ತೆ ನೋಡುತ್ತಾರೆ, ಲಕ್ಕಯ್ಯನಿಗೆ ಶಾಲು ಹೊದಿಸುತ್ತಾರೆ.

ಹಾಳಾಯಿತು. ಕಣ್ಣಿಲ್ಲದವನು ಅಂತ ಗೊತ್ತಾದರೆ ಹೆಸರು ಹೊಡೆದು ಹಾಕುತ್ತಾರೆ. ಗುಡಿಸಲು ಇಲಾಖೆಯದು, ಅದನ್ನೂ ಬಿಡಬೇಕು. ಈ ವಯಸ್ಸಿನಲ್ಲಿ ಅವರನ್ನು ಯಾವ ಎಸ್ಟೇಟಿನವರು ಸೇರಿಸಿಕೊಳ್ಳುತ್ತಾರೆ? ಯಾರೂ ಕೇಳಿರಲಿಲ್ಲ ನನ್ನನ್ನು. ಸುಮ್ಮನೆ ಇರಬಹುದಿತ್ತು.

ನವೆಂಬರ್ 12, ಶುಕ್ರವಾರ

ಕಾಲು ನೋವಲ್ಲೇ ಚಿಕ್ಕಮಗಳೂರಿಗೆ ತುಳಿದೆ. ಇಪ್ಪತ್ತು ಮೈಲಿ. ಏರು ಬಂದಲ್ಲೆಲ್ಲ ಇಳಿದು ಕುಂಟುತ್ತ ತಳ್ಳಿದೆ. ಹೆಡ್ ಕ್ಲಾರ್ಕ್ ಗುರುವಯ್ಯ ನನಗೆ ಸಲಿಗೆ. ಆ ಕಾಗದ ವಾಪಸ್ ಕೊಡು, ತಪ್ಪು ಮೈಲಿ ಬರೆದೆ ಅಂದೆ. ನಕ್ಕುಬಿಟ್ಟ. ದೂರು ವಾಪಸ್ ಕೇಳಿದವರನ್ನು ಬೇಕಾದಷ್ಟು ನೋಡಿದ್ದಾನಂತೆ, ಹೊಗಳಿಕೆ ವಾಪಸ್ ಕೇಳಿದವನು ನಾನೇ ಮೊದಲಂತೆ. ಶಾಲು ಆಗಲೇ ತಂದಾಗಿದೆ ಮಾರಾಯ, ಮನೆಗೆ ಹೋಗು ಅಂದ. ಹೋಗಿ ಇನ್ನೇನು ಮಾಡಲಿ, ಬಂದೆ.

ನವೆಂಬರ್ 14, ಭಾನುವಾರ

ಹೋಗಿ ಹೇಳಿದೆ. ಹುಚ್ಚಮ್ಮ ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಅವತ್ತು ಜ್ವರ ಅಂತ ಹೇಳಿ ಮಲಗಿಸ್ತೀನಿ ಅಂದಳು. ನಾನೂ ಅದೇ ಸರಿ ಅಂದೆ. ಲಕ್ಕಯ್ಯ ಒಪ್ಪಲಿಲ್ಲ.

“ಇಪ್ಪತ್ತೆರಡು ವರ್ಷ ನಡೆದಿರೋ ರಸ್ತೆ ಅಯ್ಯಾ. ಅವತ್ತೊಂದಿನ ಮಲಗ್ಲಾ? ನಡೀತೀನಿ ಬಿಡಿ.”

ನವೆಂಬರ್ 18, ಗುರುವಾರ, ಸಂಜೆ



ಸಾಹೇಬರು ಕಾರಿನಿಂದ ಇಳಿದವರೇ ನಡೆದೇ ನೋಡೋಣ ಅಂದರು. ಲಕ್ಕಯ್ಯ ಮುಂದೆ. ಎರಡು ಕಡೆ ನಿಂತು, ಇಲ್ಲಿ ಅರ್ಧ ಬುಟ್ಟಿ ಜಲ್ಲಿ ಬೇಕು ಸ್ವಾಮಿ, ನಾಳೆ ಹಾಕ್ತೀವಿ ಅಂದ. ಸಾಹೇಬರು ಬಗ್ಗಿ ನೋಡಿ ತಲೆದೂಗಿದರು. ಮೈಲಿ ಪೂರ್ತಿ ಲಕ್ಕಯ್ಯ ಒಂದು ಸಲವೂ ಎಡವಲಿಲ್ಲ. ಗೆದ್ದೆವು ಅಂದುಕೊಂಡೆ.

ಕೊನೆಯಲ್ಲಿ ಶಾಲು ಚಾಚಿದರು. ಲಕ್ಕಯ್ಯ ಕೈ ಮುಗಿದು ನಿಂತೇ ಇದ್ದ. ಶಾಲು ಗಾಳಿಯಲ್ಲೇ ಇತ್ತು. ಹುಚ್ಚಮ್ಮ ಬಂದು ಅವನ ಕೈ ಹಿಡಿದು ಶಾಲಿನ ಮೇಲಿಟ್ಟಳು.

ನಿಮಗೆ ಗೊತ್ತಿತ್ತಾ ಅಂತ ಸಾಹೇಬರು ನನ್ನನ್ನೇ ಕೇಳಿದರು. ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಗೊತ್ತಿತ್ತು ಸಾರ್ ಅಂದೆ. ಹಾಗಾದರೆ ಇಲ್ಲಿ ಕೆಲಸ ಮಾಡುವವರು ಯಾರು ಅಂದರು. ಹುಚ್ಚಮ್ಮ ಸೆರಗು ಸರಿ ಮಾಡಿಕೊಂಡಳು.

“ಕಲ್ಲು ಒಡೆಯೋದು ನಾನು ಸ್ವಾಮಿ. ಎಲ್ಲಿಗೆ ಹಾಕ್ಬೇಕು ಅಂತ ಹೇಳೋರು ಅವ್ರು. ಅವ್ರ ಕಾಲಿಗೆ ಸಿಗೋ ಗುಂಡಿ ನನ್ನ ಕಣ್ಣಿಗೆ ಕಾಣಲ್ಲ.”

ಸಾಹೇಬರು ಶಾಲನ್ನು ಲಕ್ಕಯ್ಯನ ಹೆಗಲಿಗೆ ಹಾಕಿದರು. ಇರುವುದನ್ನು ಇದ್ದ ಹಾಗೆ ಬರೆದು ಕಳಿಸಿ ಅಂತ ನನಗೆ ಹೇಳಿ ಕಾರು ಹತ್ತಿದರು.

ನವೆಂಬರ್ 20, ಶನಿವಾರ

ಬರೆದೆ. ಮೂರು ಸಲ ಹರಿದು ಬರೆದೆ. ಮೈಲಿ ಹದಿನೇಳಕ್ಕೆ ಇಬ್ಬರ ಹೆಸರನ್ನೂ ಇಡಬೇಕು ಅಂತ ಬೇಡಿದೆ. ನನ್ನ ನೌಕರಿ ಹೋದರೂ ಹೋಗಲಿ. ಸುಳ್ಳು, ಹೋಗುವುದು ಬೇಡ. ಆದರೂ ಕಳಿಸಿದೆ.

ಡಿಸೆಂಬರ್ 6, ಸೋಮವಾರ

ಆರ್ಡರ್ ಬಂತು. ಒಂದು ಮೈಲಿಗೆ ಒಂದೇ ಹೆಸರು, ನಿಯಮ ಬದಲಾಗುವುದಿಲ್ಲ. ಲಕ್ಕಯ್ಯನ ಹೆಸರು ತೆಗೆಯಬೇಕು. ಆ ಜಾಗಕ್ಕೆ ಹುಚ್ಚಮ್ಮ. ಗುಡಿಸಲು ಅವಳಿಗೆ ಉಳಿಯುತ್ತದೆ.

ಕುಣಿಯಬೇಕು ನಾನು. ಹೆಂಗಸಿನ ಹೆಸರಿಗೆ ಮೈಲಿ ಕೊಟ್ಟಿದ್ದನ್ನು ಈ ರಸ್ತೆಯಲ್ಲಿ ಯಾರೂ ಕಂಡಿಲ್ಲ. ಆದರೆ ನಾಳೆ ಆ ಮನುಷ್ಯನ ಮುಂದೆ ನಿಂತು ಅವನ ಹೆಸರು ತೆಗೆದರು ಅಂತ ಓದಬೇಕಾದವನೂ ನಾನೇ.

ಡಿಸೆಂಬರ್ 7, ಮಂಗಳವಾರ

ಬೆಳಿಗ್ಗೆ ಬೇಗ ಹೊರಟೆ. ಜಾವಳಿ ಹತ್ತಿರ ಕಾಫಿ ಹಣ್ಣು ಬಿಡಿಸುವವರು ಸಾಲಾಗಿ ಹೋಗುತ್ತಿದ್ದರು. ಇಳಿಜಾರಿನಲ್ಲಿ ಸೈಕಲ್ ಹತ್ತಲಿಲ್ಲ, ನಡೆದೆ. ಕಾಲು ನೋವಿನಿಂದಲ್ಲ.

ಓದಿದೆ. ಹುಚ್ಚಮ್ಮ ನೆಲ ನೋಡುತ್ತ ನಿಂತಳು. ಲಕ್ಕಯ್ಯ ಇನ್ನೊಂದು ಸಲ ಓದಿ ಅಂದ. ಓದಿದೆ. ಮೆಲ್ಲಗೆ ಸೊಂಟಕ್ಕೆ ಕೈ ಹಾಕಿ ಪಟ್ಟಿ ಬಿಚ್ಚಿದ. ಅದರಲ್ಲಿ ಇಲಾಖೆಯ ಹಿತ್ತಾಳೆ ಬಿಲ್ಲೆ, ಮೇಲೆ ಮೈಲಿಯ ನಂಬರು, ಬೆರಳಾಡಿ ಆಡಿ ಸವೆದಿದೆ. ಹೆಂಡತಿ ಕಡೆ ಚಾಚಿದ. ಅವಳು ಮುಟ್ಟಲಿಲ್ಲ. ನಿಮ್ಮ ಸೊಂಟದಲ್ಲೇ ಇರಲಿ, ನೋಡುವವರು ಯಾರು ಅಂದಳು. ನನ್ನನ್ನೂ ನೋಡಿದಳು, ಹೌದು ಅನ್ನಿ ಅನ್ನುವ ಹಾಗೆ.

“ಕಟ್ಕೊ. ನಾಲ್ಕು ವರ್ಷದಿಂದ ಇದು ನಿಂದೇ ಕಣೇ. ನಾನೇ ಕೊಟ್ಟಿರ್ಲಿಲ್ಲ.”

ತಾನೇ ಕಟ್ಟಿದ. ಗಂಟು ಸಿಗಲಿಲ್ಲ, ತಡಕಾಡಿದ. ಅವಳು ಸುಮ್ಮನೆ ನಿಂತು ಕಟ್ಟಿಸಿಕೊಂಡಳು. ಕಟ್ಟಿ ಆದ ಮೇಲೆ ರಸ್ತೆಗೆ ಇಳಿದು, ಎಲ್ಲಿಂದ ಶುರು ಮಾಡಲಿ ಅಂತ ಅವಳನ್ನು ಕೇಳಿದ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳಿದವನಲ್ಲ. ಅವಳು ಕೈ ಹಿಡಿದು ಮೈಲಿ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅವನು ಪಾದ ಊರಿದ. ಅವಳು ಬುಟ್ಟಿ ಎತ್ತಿಕೊಂಡಳು.

ನಾನು ಸೈಕಲ್ ತಳ್ಳಿಕೊಂಡು ಹಿಂದೆಯೇ ಹೋದೆ. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಅಳು ಬಂತು, ಅದನ್ನೂ ಬರೆದಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ದುಃಖಕ್ಕೆ ಬಂದ ಅಳುವಲ್ಲ. ಅವಳು ಅವನಿಗಿಂತ ಎರಡೇ ಹೆಜ್ಜೆ ಹಿಂದೆ ಇದ್ದಳು, ಅವನು ನಿಂತಲ್ಲಿ ನಿಲ್ಲುತ್ತಿದ್ದಳು, ಮತ್ತೆ ಅವನು ಹೆಜ್ಜೆ ಇಟ್ಟರೆ ತಾನೂ ಇಡುತ್ತಿದ್ದಳು.